ಆಂಟನಿಯ ಲೀಜನ್ ಡಿನೇರಿಯಸ್: ಸಂಖ್ಯೆ ಓದೋದು ಹೇಗೆ, ಇಷ್ಟು ಸವೆದಿರೋದು ಯಾಕೆ?

ಮಲ್ನಾಡ್_ಕಲೆಕ್ಟರ್
ರೋಮನ್ ಸೇನಾಪತಿ ಮಾರ್ಕ್ ಆಂಟನಿ ಕ್ರಿ.ಪೂ. 32-31ರಲ್ಲಿ ತನ್ನ ಲೀಜನ್‌ಗಳಿಗೆ (ರೋಮನ್ ಕಾಲಾಳು ಪಡೆಗಳಿಗೆ) ಸಂಬಳ ಕೊಡಲು ಹೊಡೆಸಿದ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯದ ಬಗ್ಗೆ ಮೂರು ಪ್ರಶ್ನೆ. ತೂಕ 3.41 ಗ್ರಾಂ, ಅಗಲ 17.5 ಮಿ.ಮೀ. ಮುಂಬದಿಯಲ್ಲಿ ಹುಟ್ಟು ಹಾಕುವ ಯುದ್ಧನೌಕೆ, ಹಿಂಬದಿಯಲ್ಲಿ ಎರಡು ಧ್ವಜದಂಡಗಳ ನಡುವೆ ಹದ್ದು.

1. ಹದ್ದಿನ ಕೋಲಿನ ಎಡಕ್ಕೆ ‘ಲೆಗ್’ (ಲೀಜನ್) ಅನ್ನೋದು ಸ್ಪಷ್ಟವಾಗಿದೆ. ಬಲಕ್ಕೆ ಎಕ್ಸ್, ವಿ, ಐ ಕಾಣುತ್ತೆ. ಆಮೇಲೆ ಬಲಗಡೆಯ ದಂಡದ ಹತ್ತಿರ ಇನ್ನೊಂದು ಐ ಇದೆಯೋ, ಅದು ಬರೀ ಗೀರೋ ಗೊತ್ತಾಗ್ತಿಲ್ಲ. ಲೇಬಲ್ ಮೇಲೆ 17 ಅಂತ ಬರೆದಿದೆ. 16 ಇರಬಹುದಾ?
2. ಹಡಗಿನ ಮೇಲೆ ‘ಆಂಟ್ ಆಗ್’ ಅಂತಿದೆ. ಇದು ಚಕ್ರವರ್ತಿ ಅಗಸ್ಟಸ್ ಹೆಸರಾ?
3. ಅದೇ ಕಾಲದ ಬೇರೆ ಡಿನೇರಿಯಸ್‌ಗಳ ಫೋಟೋ ನೋಡಿದರೆ ಚೆನ್ನಾಗೇ ಇರುತ್ತವೆ. ಇವು ಮಾತ್ರ ಸೋಪಿನ ಚೂರಿನ ಹಾಗೆ ನುಣ್ಣಗಾಗಿರೋದು ಯಾಕೆ? ಹಡಗಿನ ಹೊಟ್ಟೆ ಮೇಲೆ ಅರ್ಧಚಂದ್ರದ ಹಾಗೆ ಒಂದು ಸಣ್ಣ ಹಳ್ಳ ಬೇರೆ ಇದೆ.

ಕುಂದಾಪ್ರದ_ಹುಡ್ಗ
ಎರಡನೇದು ಸುಲಭ ಮಾರಾಯ್ರೆ. ಆಂಟನಿ ಮತ್ತು ಅಗಸ್ಟಸ್ ಇಬ್ಬರೂ ಸೇರಿ ಹೊಡೆಸಿದ್ದು. ಆಗ ಮೂವರ ಕೂಟ ಇತ್ತಲ್ಲ.

ಟಂಕಸಾಲೆ
ಅಲ್ಲ. ಇದು ಹೊಡೆದಾಗ ‘ಅಗಸ್ಟಸ್’ ಅಂತ ಯಾರೂ ಇರಲಿಲ್ಲ. ಆಕ್ಟೇವಿಯನ್‌ಗೆ ಆ ಬಿರುದು ಬಂದದ್ದು ಕ್ರಿ.ಪೂ. 27ರಲ್ಲಿ, ಅವನು ಆಂಟನಿಯನ್ನು ಸೋಲಿಸಿದ ಆಕ್ಟಿಯಮ್ ನೌಕಾಕದನ ಮುಗಿದ ಮೇಲೆ. ಇಲ್ಲಿ ‘ಆಗ್’ ಅಂದರೆ ಆಗರ್, ಅಂದರೆ ಪಕ್ಷಿಗಳ ಹಾರಾಟ ನೋಡಿ ಶಕುನ ಹೇಳುವ ಪುರೋಹಿತ ಪದವಿ. ಆಂಟನಿಗೆ ಅದು ಕ್ರಿ.ಪೂ. 50ರಲ್ಲೇ ಸಿಕ್ಕಿತ್ತು. ಹಡಗಿನ ಕೆಳಗಿರುವ ‘ಮೂರು ಗೀರು, ವಿರ್, ಆರ್, ಪಿ, ಸಿ’ ಎಂದರೆ ಗಣರಾಜ್ಯವನ್ನು ವ್ಯವಸ್ಥೆಗೆ ತರಲು ನೇಮಕವಾದ ಮೂವರಲ್ಲಿ ಒಬ್ಬ. ಈ ನಾಣ್ಯ ಹೊಡೆಯುವ ಹೊತ್ತಿಗೆ ಆ ಕೂಟದ ಅವಧಿಯೂ ಮುಗಿದಿತ್ತು. ಆಂಟನಿ ಬಿರುದು ಬಿಡಲಿಲ್ಲ ಅಷ್ಟೇ.

ಆಕ್ಟೇವಿಯನ್ ಈ ನಾಣ್ಯದ ಪಾಲುದಾರ ಅಲ್ಲ, ಎದುರಾಳಿ. ಅವನ ಮೇಲೆ ಯುದ್ಧ ಮಾಡುವವರ ಸಂಬಳ ಇದು.

ಕುಂದಾಪ್ರದ_ಹುಡ್ಗ
ಓ, ಹಾಗಾ! ಹಾಗಾದ್ರೆ ಹರಾಜಿನ ಪಟ್ಟಿಗಳಲ್ಲಿ ‘ಆಂಟನಿ ಮತ್ತು ಅಗಸ್ಟಸ್’ ಅಂತ ಹಾಕಿರೋದೆಲ್ಲ?

ಟಂಕಸಾಲೆ
ಅದು ಬೇರೆ ನಾಣ್ಯ ಇರಬೇಕು. ಇಬ್ಬರ ತಲೆಯೂ ಇರುವ ಡಿನೇರಿಯಸ್‌ಗಳು ಕ್ರಿ.ಪೂ. 41ರ ಸುಮಾರಿನವು, ಇಬ್ಬರಿಗೂ ಇನ್ನೂ ಸರಿಯಿದ್ದ ಕಾಲ. ಲೀಜನ್ ಸರಣಿಯಲ್ಲಿ ಯಾರ ಮುಖವೂ ಇಲ್ಲ.

ಲೂಪ್_ಹತ್ತು
ಮೊದಲನೇ ಪ್ರಶ್ನೆಗೆ. ರೋಮನ್ ಅಂಕಿಗಳನ್ನು ಐ, ವಿ, ಎಕ್ಸ್ ಅಂತ ಕನ್ನಡದಲ್ಲೇ ಬರೀತೀನಿ, ಗೊಂದಲ ಬೇಡ.

ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಒಂದೇ ಒಂದು ಚಿಕ್ಕ ಟಾರ್ಚನ್ನು ನಾಣ್ಯದ ಮಟ್ಟಕ್ಕೆ ಮಲಗಿಸಿ ಹಿಡಿಯಿರಿ, ಬೆಳಕು ಮೇಜಿಗೆ ಸುಮಾರು 10 ಡಿಗ್ರಿಯಲ್ಲಿ ಓರೆಯಾಗಿ ಬೀಳಬೇಕು. ಟಾರ್ಚ್ ಅಲ್ಲೇ ಇರಲಿ, ನಾಣ್ಯವನ್ನು ನಿಧಾನ ತಿರುಗಿಸಿ. ಅಚ್ಚಿನಿಂದ ಎದ್ದ ಅಕ್ಷರ ಉಬ್ಬಾಗಿರುತ್ತೆ, ನೆರಳು ಟಾರ್ಚಿನ ಆಚೆ ಬದಿಗೆ ಬೀಳುತ್ತೆ. ಗೀರು ತಗ್ಗು, ನೆರಳು ಟಾರ್ಚಿನ ಕಡೆಯ ಅಂಚಲ್ಲೇ ನಿಲ್ಲುತ್ತೆ. ಪೂರ್ತಿ ಸವೆದ ಐ ಕೂಡ ಒಂದಲ್ಲ ಒಂದು ಕೋನದಲ್ಲಿ ತೆಳು ನೆರಳು ಕೊಟ್ಟೇ ಕೊಡುತ್ತೆ.

ಅದರಲ್ಲೂ ಆಗಲಿಲ್ಲ ಅಂದ್ರೆ ಅಚ್ಚು ತಾಳೆ ನೋಡಬೇಕು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಗಣರಾಜ್ಯ ನಾಣ್ಯಗಳ ಆನ್‌ಲೈನ್ ಸೂಚಿಯಲ್ಲಿ ಕ್ರಾಫರ್ಡ್ (ಈ ನಾಣ್ಯಗಳಿಗೆ ಪಟ್ಟಿ ಸಂಖ್ಯೆ ಕೊಟ್ಟ ವಿದ್ವಾಂಸ) 544/31 ಅಂದ್ರೆ 16ನೇ ಲೀಜನ್, 544/32 ಅಂದ್ರೆ 17ನೇದು. ಪ್ರತಿಯೊಂದಕ್ಕೂ ಹಲವು ಫೋಟೋ ಇದೆ. ಸಂಖ್ಯೆ ನೋಡ್ಬೇಡಿ, ಬೇರೆ ಗುರುತು ನೋಡಿ: ಹದ್ದಿನ ರೆಕ್ಕೆ ತುದಿ ಮತ್ತು ಧ್ವಜದಂಡದ ನಡುವಿನ ಅಂತರ, ದಂಡದ ಮೇಲಿನ ಬಿಲ್ಲೆಗಳ ಸಂಖ್ಯೆ, ‘ಲೆಗ್’ನ ಕೊನೇ ಅಕ್ಷರ ಕೋಲಿಗೆ ಎಷ್ಟು ಹತ್ತಿರ. ಮೂರೂ ತಾಳೆಯಾದರೆ ಅದೇ ಅಚ್ಚು, ಸವೆದ ಐ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಬೇಡ.

ರೊಕ್ಕದ_ರಾಚಪ್ಪ
ಇನ್ನೊಂದು ನೋಡ್ರಿ. ನಾಣ್ಯದ ಒಳಗ ನಾಕು ಅನ್ನೋದನ್ನ ಒಂದು ಅಚ್ಚಿನ್ಯಾಗ ನಾಕು ಗೀರು ಹಾಕ್ಯಾರ, ಇನ್ನೊಂದರಾಗ ಐ-ವಿ ಅಂತ ಹಾಕ್ಯಾರ. ಒಂಬತ್ತೂ ಹಂಗ, ಹದಿನಾಕೂ ಹಂಗ. ‘ರೋಮನ್ನರು ನಾಕನ್ನ ಹಿಂಗ ಬರೀತಿದ್ದಿಲ್ಲ, ಇದು ನಕಲಿ’ ಅಂತ ಹೇಳವ್ರನ್ನ ನಂಬಬ್ಯಾಡ್ರಿ. ಎರಡೂ ಖರೇನ.

ಮಲ್ನಾಡ್_ಕಲೆಕ್ಟರ್
ಟಾರ್ಚ್ ಹಿಡಿದು ನೋಡಿದೆ. ಆ ಗೀರಿನ ನೆರಳು ಟಾರ್ಚಿನ ಕಡೆಯ ಅಂಚಲ್ಲೇ ಇದೆ. ಅಂದ್ರೆ ತಗ್ಗು, 16. ಧ್ವಜದಂಡದಲ್ಲಿ ಬಿಲ್ಲೆಗಳ ಅಂತರ ಕೂಡ 544/31ರ ಒಂದು ಫೋಟೋಗೆ ಹೊಂದುತ್ತೆ. ಧನ್ಯವಾದ ಸರ್.

ಬೆಳ್ಳಿಬಟ್ಟಲು
ಅಯ್ಯೋ, 17 ಆಗಿದ್ರೆ ಒಳ್ಳೇದಿತ್ತು. 17, 18, 19 ಅಂದ್ರೆ ಜರ್ಮನಿಯ ಕಾಡಿನಲ್ಲಿ ನಾಶವಾದ ರೋಮನ್ ಸೇನಾಪತಿ ವಾರಸ್‌ನ ಮೂರು ಲೀಜನ್‌ಗಳಲ್ವಾ. ಅದಕ್ಕೇ ಅವಕ್ಕೆ ಬೆಲೆ ಜಾಸ್ತಿ.

ಟಂಕಸಾಲೆ
ಬೆಲೆ ಜಾಸ್ತಿ ಕೇಳ್ತಾರೆ, ನಿಜ. ಕಾರಣ ತಪ್ಪು. ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ಸತ್ತವರು ಆಕ್ಟೇವಿಯನ್ ಕಡೆ ಕಟ್ಟಿದ 17, 18, 19. ಆಂಟನಿಯ 17, 18, 19 ಬೇರೆ ಪಡೆಗಳು. ಆಗ ಎರಡೂ ಕಡೆಯವರು ತಮ್ಮ ತಮ್ಮ ಲೀಜನ್‌ಗಳಿಗೆ ತಾವೇ ಸಂಖ್ಯೆ ಕೊಟ್ಟುಕೊಳ್ಳುತ್ತಿದ್ದರು, ಹಾಗಾಗಿ ಒಂದೇ ಸಂಖ್ಯೆಯ ಎರಡು ಲೀಜನ್ ಒಂದೇ ಕಾಲಕ್ಕೆ ಇರುತ್ತಿದ್ದವು. ಗೆದ್ದ ಮೇಲೆ ಆಕ್ಟೇವಿಯನ್ ಎಷ್ಟೋ ಪಡೆಗಳನ್ನು ವಿಸರ್ಜಿಸಿ ಉಳಿದವನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಂಡ. ಮುಂದೆ 3ನೇ ಗ್ಯಾಲಿಕಾ, 3ನೇ ಸೈರೆನೈಕಾ ಹೀಗೆ ಒಂದಕ್ಕಿಂತ ಹೆಚ್ಚು ‘ಮೂರನೇ’ ಲೀಜನ್‌ಗಳು ಉಳಿದದ್ದಕ್ಕೆ ಇದೇ ಹಿನ್ನೆಲೆ.

ಬೆಳ್ಳಿಬಟ್ಟಲು
ಆದ್ರೂ ಸಂಖ್ಯೆ ಒಂದೇ ಅಲ್ವಾ!

ಇತಿಹಾಸ_ಮೇಡಂ
ಬಸ್ ನಂಬರ್ ಒಂದೇ ಅಂತ ಹತ್ತಿದರೆ ಬೇರೆ ಊರಿಗೆ ಹೋಗ್ತೀರಿ 😄

ಸರಣಿಯ ಪೂರ್ತಿ ಲೆಕ್ಕ ಹೇಳ್ತೀನಿ. ಬರೀ ಸಂಖ್ಯೆ ಇರುವವು 2ನೇ ಲೀಜನ್‌ನಿಂದ 23ನೇದರವರೆಗೆ, ಕ್ರಾಫರ್ಡ್ 544/14ರಿಂದ 544/39. ಬಿರುದು ಸಮೇತ ಇರುವವು ಮೂರು: 12ನೇ ಆಂಟಿಕ್ವಾ, 17ನೇ ಕ್ಲಾಸಿಕಾ, 18ನೇ ಲಿಬಿಕಾ. ಅಂದರೆ 17ನೇದಕ್ಕೆ ಬಿರುದಿಲ್ಲದ ನಾಣ್ಯವೂ ಇದೆ, ಬಿರುದಿರುವುದೂ ಇದೆ. ಲೀಜನ್ ಅಲ್ಲದ ಪಡೆಗಳಿಗೆ ಎರಡು: ಸೇನಾಪತಿಯ ಕಾವಲಿನ ಪ್ರೆಟೋರಿಯನ್ ಪಡೆಗಳದ್ದು 544/8, ಬೇಹಿನ ಸ್ಪೆಕ್ಯುಲೇಟರ್ ಪಡೆಯದ್ದು 544/12.

ಆ ಕೊನೇದು ನೋಡೋಕೆ ಬೇರೆ ಥರ. ಹದ್ದು ಇಲ್ಲ, ಮೂರು ಧ್ವಜದಂಡ ಮಾತ್ರ. ಪ್ರತಿ ದಂಡಕ್ಕೂ ಎರಡು ಹೂವಿನ ಹಾರ, ಒಂದು ಹಡಗಿನ ಮೂತಿ. ಹದ್ದು ಲೀಜನ್‌ನ ಲಾಂಛನ, ಬೇಹಿನ ಪಡೆ ಲೀಜನ್ ಅಲ್ಲ. ಅಚ್ಚು ಕೊರೆದವನಿಗೆ ಸೈನ್ಯದ ಶಿಸ್ತು ಗೊತ್ತಿತ್ತು. ಹಾಗಂತ ನೋಡಿದರೆ ಪ್ರೆಟೋರಿಯನ್ ನಾಣ್ಯಕ್ಕೆ ಹದ್ದು ಹಾಕಿದ್ದಾನೆ. ನನಗೆ ಅದು ಅವಸರದಲ್ಲಿ ಮಾಮೂಲಿ ಮಾದರಿಯನ್ನೇ ಎಳೆದ ಹಾಗೆ ಕಾಣುತ್ತೆ.

ಕುಂದಾಪ್ರದ_ಹುಡ್ಗ
ಒಂದನೇ ಲೀಜನ್ ಎಲ್ಲಿ? 24, 25?

ಲೂಪ್_ಹತ್ತು
‘ಲೆಗ್ ಒಂದು’ ಅಂತ ಬರುವುದರಲ್ಲಿ ಹೆಚ್ಚಿನವು ಕೆತ್ತಿ ತಿದ್ದಿದವು. 2 ಅಥವಾ 3ರ ಒಂದೆರಡು ಗೀರು ಕೆರೆದು ತೆಗೆದರೆ ಒಂದು ಆಗಿಬಿಡುತ್ತೆ. ಕ್ರಾಫರ್ಡ್ 544/13 ಅಂತ ಸ್ಥಾನ ಕೊಟ್ಟಿರೋದು ‘ಲೆಗ್ ಪ್ರಿ’ ಅಂತ ಅಕ್ಷರದಲ್ಲಿ ಬರೆದದ್ದಕ್ಕೆ, ಬರೀ ಒಂದು ಐ ಇದ್ದರೆ ಅನುಮಾನ ಇಟ್ಟುಕೊಂಡೇ ನೋಡಿ. 23ರ ಮೇಲಿನವು ಕ್ರಾಫರ್ಡ್‌ನ ಪಟ್ಟಿಯಲ್ಲೇ ಇಲ್ಲ. ಹಳೇ ಪುಸ್ತಕಗಳಲ್ಲಿ 30ರವರೆಗೂ ಪಟ್ಟಿ ಇರುತ್ತೆ, ಅದನ್ನು ತೋರಿಸಿ ಮಾರುವವರಿದ್ದಾರೆ.

ಪತ್ತೆ ಹಚ್ಚುವ ಬಗೆ: 10 ಪಟ್ಟು ಲೂಪಿನಲ್ಲಿ (ಕೈ ಭೂತಗನ್ನಡಿಯಲ್ಲಿ) ಸಂಖ್ಯೆಯ ಪಕ್ಕದ ಖಾಲಿ ಜಾಗ ನೋಡಿ. ಕೆರೆದ ಜಾಗ ಸುತ್ತಲಿಗಿಂತ ಸ್ವಲ್ಪ ತಗ್ಗು, ಒಂದೇ ದಿಕ್ಕಿಗೆ ಹೋಗುವ ಸಣ್ಣ ಗೆರೆಗಳಿರುತ್ತವೆ, ಬಣ್ಣವೂ ಬೇರೆ. ಸಂಖ್ಯೆ ಎಲ್ಲಿ ಕೂತಿದೆ ಅನ್ನೋದನ್ನೂ ನೋಡಿ. ಅಚ್ಚು ಕೊರೆದವರು ಸಾಮಾನ್ಯವಾಗಿ ಕೋಲು ಮತ್ತು ದಂಡದ ನಡುವಿನ ಜಾಗ ತುಂಬಿಸ್ತಾರೆ. ಒಂದೇ ಒಂದು ಐ ಒಂದು ಮೂಲೆಗೆ ಅಂಟಿಕೊಂಡು ಪಕ್ಕದಲ್ಲಿ ಖಾಲಿ ಜಾಗ ಬಿಟ್ಟಿದ್ದರೆ, ಅಲ್ಲಿ ಏನೋ ಇತ್ತು.

ಗಡಿಯಾರದ_ಅಂಗಡಿ
ಮೂರನೇ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಸವೆದಿರೋದಕ್ಕೆ ಕಾರಣ ಬೆಳ್ಳಿ ಕೆಟ್ಟದ್ದು. ಆಂಟನಿ ಕಬ್ಬಿಣ ಬೆರೆಸಿದ ಅಂತ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಮ್ಯಾಗ್ನೆಟ್ ಹಿಡಿದು ನೋಡಿ.

ಟಂಕಸಾಲೆ
ಪ್ಲಿನಿ ಹಾಗೆ ಬರೆದದ್ದು ನಿಜ. ಆದರೆ ನಾಣ್ಯದಲ್ಲಿ ಇರುವುದು ತಾಮ್ರ. ಅಸಲಿ ನಾಣ್ಯ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಅಂಟಿದರೆ ಅದು ಉಕ್ಕಿನ ಬಿಲ್ಲೆಗೆ ಬಣ್ಣ ಬಳಿದ ಇವತ್ತಿನ ಆಟಿಕೆ.

ಮತ್ತೆ, ತಾಮ್ರ ಬೆರೆತ ಬೆಳ್ಳಿ ಶುದ್ಧ ಬೆಳ್ಳಿಗಿಂತ ಗಟ್ಟಿ. ಸವೆಯೋದು ಕಡಿಮೆಯಾಗಬೇಕೇ ಹೊರತು ಹೆಚ್ಚಲ್ಲ. ಸವೆದದ್ದು ಯಾಕೆಂದರೆ ಇದು ಮಿಕ್ಕ ಡಿನೇರಿಯಸ್‌ಗಳಿಗಿಂತ ಬಹಳ ಹೆಚ್ಚು ಕಾಲ ಕೈಯಿಂದ ಕೈಗೆ ಓಡಾಡಿತು. ಹೇಗೆಂದರೆ: ಅಂದಿನ ಡಿನೇರಿಯಸ್ ಒಂದು ರೋಮನ್ ಪೌಂಡಿಗೆ 84, ಅಂದರೆ ಸುಮಾರು 3.9 ಗ್ರಾಂ. ಆಂಟನಿಯದ್ದು ತೂಕದಲ್ಲಿ ಹತ್ತಿರ ಹತ್ತಿರ ಅಷ್ಟೇ, ಬೆಳ್ಳಿ ಮಾತ್ರ ಕಡಿಮೆ. ಒಳ್ಳೆಯ ಬೆಳ್ಳಿಯದ್ದನ್ನು ಜನ ಮನೆಯಲ್ಲಿ ಹೂತಿಟ್ಟರು ಅಥವಾ ಕರಗಿಸಿದರು, ಇದನ್ನು ಖರ್ಚು ಮಾಡಿದರು. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ಡಿನೇರಿಯಸ್ಸನ್ನು ಪೌಂಡಿಗೆ 96ಕ್ಕೆ ಇಳಿಸಿ ಶುದ್ಧತೆಯನ್ನೂ ತಗ್ಗಿಸಿದ. ಆಗ ಹಿಂದಿನ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ನಾಣ್ಯಗಳನ್ನು ಕರಗಿಸಿದವನಿಗೆ ಲಾಭ, ಆಂಟನಿಯದ್ದನ್ನು ಕರಗಿಸಿದವನಿಗೆ ಏನೂ ಗಿಟ್ಟದು. ಸವೆದು 3.4 ಗ್ರಾಂ ಆದ ಲೀಜನ್ ಡಿನೇರಿಯಸ್ ನೀರೋನ ಹೊಸ ನಾಣ್ಯದ ತೂಕಕ್ಕೆ ಸರಿಯಾಗಿ ಕೂತುಬಿಟ್ಟಿತು. ಕ್ರಿ.ಶ. 107ರ ಸುಮಾರು ಚಕ್ರವರ್ತಿ ಟ್ರಾಜನ್ ಸವೆದ ಹಳೇ ಹಣ ಕರಗಿಸಿದಾಗಲೂ ಇವು ತಪ್ಪಿಸಿಕೊಂಡವು. ಮೂರನೇ ಶತಮಾನದ ನಾಣ್ಯನಿಧಿಗಳಲ್ಲೂ ಸಿಗುತ್ತವೆ. ಇನ್ನೂರು ವರ್ಷಕ್ಕೂ ಮೀರಿದ ಓಡಾಟ.

ನಿಮ್ಮ 3.41 ಗ್ರಾಂ ಅದಕ್ಕೆ ಒಳ್ಳೇ ಉದಾಹರಣೆ.

ಗಡಿಯಾರದ_ಅಂಗಡಿ
ಸರಿ, ಒಪ್ಪಿದೆ. ಆದರೆ ಪ್ಲಿನಿ ಸುಮ್ಮನೆ ಬರೆಯಲ್ಲ. ತಾಮ್ರದ ಬಿಲ್ಲೆ ಮೇಲೆ ಬೆಳ್ಳಿ ಹಾಳೆ ಸುತ್ತಿದ ನಾಣ್ಯಗಳು ಈ ಸರಣಿಯಲ್ಲಿ ಬೇಕಾದಷ್ಟು ಇವೆ. ಜನ ಬೈಯೋಕೆ ಅದೂ ಕಾರಣ ಇರಬೇಕು.

ಲೂಪ್_ಹತ್ತು
ಒಳಗೆ ತಾಮ್ರದ ನಾಣ್ಯಗಳು ಇವೆ, ಅವೂ ಪ್ರಾಚೀನವೇ. ಅಂದಿನ ಕಳ್ಳನಾಣ್ಯ. ಆ ಅರ್ಧಚಂದ್ರದ ಹಳ್ಳ ಬಂದದ್ದೂ ಇದಕ್ಕೇ. ಹಣ ವಿನಿಮಯ ಮಾಡುವವರು ಸಣ್ಣ ಉಳಿಯಿಂದ ಒಂದು ಏಟು ಕೊಟ್ಟು ಒಳಗೆ ಬೆಳ್ಳಿಯೋ ತಾಮ್ರವೋ ಅಂತ ನೋಡ್ತಿದ್ದರು. ಚಂದ್ರ, ಚುಕ್ಕಿ, ಒಂದೊಂದು ಅಕ್ಷರ, ಹೀಗೆ ಬೇರೆ ಬೇರೆ ಆಕಾರ. ಹಳೇ ಹಳ್ಳದೊಳಗೆ ಮೇಲ್ಮೈಯ ಬಣ್ಣವೇ ಇರುತ್ತೆ. ಹಳ್ಳ ಮಾತ್ರ ಫಳಫಳ ಹೊಳೆದರೆ ಅದು ಇತ್ತೀಚೆಗೆ ಆದದ್ದು. ಹಳ್ಳದ ತಳದಲ್ಲಿ ಕೆಂಪು ಅಥವಾ ಹಸಿರು ಕಂಡರೆ ಒಳಗೆ ತಾಮ್ರ.

ಇತಿಹಾಸ_ಮೇಡಂ
ಹಳ್ಳದೊಳಗೆ ಅಕ್ಷರ ಕೂಡಿಸಿ ಬರೆದಿದ್ದರೆ ಗಮನಿಸಿ. ‘ಇಂಪ್ ವೆಸ್’ ಅನ್ನೋ ಕೂಡಕ್ಷರ ಇದ್ದರೆ ಅದು ಪರೀಕ್ಷೆಯ ಏಟಲ್ಲ, ಚಕ್ರವರ್ತಿ ವೆಸ್ಪಾಸಿಯನ್ ಹೆಸರಿನ ಅಧಿಕೃತ ಮುದ್ರೆ. ಎಫೆಸಸ್‌ನಲ್ಲಿ ಹಾಕಿದ್ದು ಅಂತ ಗುರುತಿಸ್ತಾರೆ. ಆಂಟನಿ ಸತ್ತು ನೂರು ವರ್ಷ ಆದ ಮೇಲೂ ಅವನ ದುಡ್ಡು ಚಲಾವಣೆಯಲ್ಲಿತ್ತು ಅನ್ನೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಮಲ್ನಾಡ್_ಕಲೆಕ್ಟರ್
ನಂದರಲ್ಲಿ ಬರೀ ಚಂದ್ರ ಮೇಡಂ. ಒಳಗೆ ಬೂದು ಬಣ್ಣ. ಆದ್ರೂ ಒಳಗೆ ತಾಮ್ರ ಇಲ್ಲ ಅಂತ ಮನೇಲೇ ಖಾತ್ರಿ ಮಾಡ್ಕೊಳ್ಳೋದು ಹೇಗೆ?

ಗಡಿಯಾರದ_ಅಂಗಡಿ
ನೀರಿನಲ್ಲಿ ತೂಗಿ. ಬೆಳ್ಳಿಯ ಸಾಂದ್ರತೆ 10.49, ತಾಮ್ರದ್ದು 8.96. ಬೆಳ್ಳಿ 90, ತಾಮ್ರ 10 ಇದ್ದರೆ ಸುಮಾರು 10.3. ಬೆಳ್ಳಿ 80 ಆದರೆ 10.14. ಒಳಗೆ ತಾಮ್ರ, ಮೇಲೆ ಹಾಳೆ ಅಂದರೆ 9.2ರ ಆಸುಪಾಸು.

ಮಾಡೋದು ಹೀಗೆ. ತಕ್ಕಡಿ ಮೇಲೆ ಚಿಕ್ಕ ಗಾಜಿನ ಲೋಟದಲ್ಲಿ ಡಿಸ್ಟಿಲ್ಡ್ ನೀರು ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ನೈಲಾನ್ ದಾರದಲ್ಲಿ ಕಟ್ಟಿ, ಮೇಲೊಂದು ಕಡ್ಡಿಗೆ ನೇತುಹಾಕಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಪೂರ್ತಿ ಮುಳುಗಿಸಿ. ಈಗ ತಕ್ಕಡಿ ತೋರಿಸೋದು ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ.

ಎಡವಟ್ಟಾಗೋದು ಎರಡು ಕಡೆ. ಒಂದು, ಗುಳ್ಳೆ. ಅಕ್ಷರದ ಸಂದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಗುಳ್ಳೆ ಕೂತರೂ ಲೆಕ್ಕ ಹೋಯ್ತು. ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ದ್ರಾವಣ ಹಾಕಿ, ನಾಣ್ಯವನ್ನು ಒಳಗೇ ಅಲ್ಲಾಡಿಸಿ. ಎರಡು, ತಕ್ಕಡಿ.

ರೊಕ್ಕದ_ರಾಚಪ್ಪ
ಎರಡನೇದು ಬಿಡಿಸಿ ಹೇಳ್ರಿ, ಭಾಳ ಮಂದಿ ಅಲ್ಲೇ ಮುಗ್ಗರಿಸ್ತಾರ.

ಗಡಿಯಾರದ_ಅಂಗಡಿ
3.50 ಗ್ರಾಂ ನಾಣ್ಯ 0.34 ಗ್ರಾಂ ನೀರು ಸರಿಸುತ್ತೆ ಅಂತಿಟ್ಟುಕೊಳ್ಳಿ, ಸಾಂದ್ರತೆ 10.29. ತಕ್ಕಡಿ 0.01 ಗ್ರಾಂವರೆಗೆ ಮಾತ್ರ ತೋರಿಸಿದರೆ ಆ 0.34 ಅನ್ನೋದು 0.33 ಆಗಿರಬಹುದು, ಆಗ 10.6. 0.35 ಆಗಿರಬಹುದು, ಆಗ 10.0. ಅಂದ್ರೆ 80 ಬೆಳ್ಳಿಯೋ 95 ಬೆಳ್ಳಿಯೋ ಅಂತ ಹೇಳೋಕೆ ಅದರಲ್ಲಿ ಆಗಲ್ಲ. ಒಳಗೆ ತಾಮ್ರ ಇದೆಯೋ ಇಲ್ಲವೋ ಅಂತ ಹೇಳೋಕೆ ಆಗುತ್ತೆ, 9.2 ಎಲ್ಲಿ 10 ಎಲ್ಲಿ. ಶುದ್ಧತೆ ಬೇಕು ಅಂದ್ರೆ 0.001 ಗ್ರಾಂ ತಕ್ಕಡಿ ಬೇಕು.

ಕುಂದಾಪ್ರದ_ಹುಡ್ಗ
ಚಿನ್ನದ ಅಂಗಡಿಯ ಎಕ್ಸ್‌ರೇ ಮೆಷಿನ್‌ಗೆ ಕೊಟ್ರೆ ಒಂದು ನಿಮಿಷದಲ್ಲಿ ಬರ್ತದಲ್ಲ?

ಟಂಕಸಾಲೆ
ಬರ್ತದೆ, ಆದರೆ ಸುಳ್ಳು ಬರ್ತದೆ. ಆ ಯಂತ್ರ ನೋಡುವುದು ಮೇಲಿನ ತೆಳು ಪದರ ಮಾತ್ರ. ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದಾಗ ಮೇಲ್ಮೈಯ ತಾಮ್ರ ಕರಗಿ ಹೋಗಿ ಅಲ್ಲಿ ಬೆಳ್ಳಿ ಸಾಂದ್ರವಾಗಿ ಉಳಿದಿರುತ್ತದೆ. ಯಂತ್ರ ಒಳಗಿರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಬೆಳ್ಳಿ ಹಾಳೆ ಸುತ್ತಿದ ಕಳ್ಳನಾಣ್ಯಕ್ಕೂ ಚೆನ್ನಾಗಿಯೇ ಅಂಕ ಕೊಡುತ್ತದೆ. ಹಳೆಯ ವಿಶ್ಲೇಷಣೆಗಳ ಅಂಕಿಗಳು ಈಗ ಕೆಳಗೆ ಬಂದದ್ದೂ ಇದೇ ಕಾರಣಕ್ಕೆ.

ಬೆಳ್ಳಿಬಟ್ಟಲು
ಸಂಬಳದ ಲೆಕ್ಕ ಯಾರಾದ್ರೂ ಹಾಕಿದ್ದೀರಾ? ಸೀಸರ್ ಕಾಲದಿಂದ ಸಿಪಾಯಿಗೆ ವರ್ಷಕ್ಕೆ 225 ಡಿನೇರಿಯಸ್. 23 ಲೀಜನ್, ಒಂದಕ್ಕೆ 5,000 ಜನ ಅಂದ್ರೆ 1,15,000. ಗುಣಿಸಿದರೆ 2 ಕೋಟಿ 58 ಲಕ್ಷಕ್ಕೂ ಮೇಲೆ. 3.8 ಗ್ರಾಂ ಹಿಡಿದರೂ ಸುಮಾರು 98 ಟನ್ ನಾಣ್ಯ!

ಇತಿಹಾಸ_ಮೇಡಂ
ಲೀಜನ್‌ಗಳು ಪೂರ್ತಿ ಭರ್ತಿ ಇರಲಿಲ್ಲ ಅಂತಲೇ ಇಟ್ಟುಕೊಳ್ಳಬೇಕು. ಆಂಟನಿ ಬಳಿ ಒಂದು ಲಕ್ಷ ಕಾಲಾಳು, 12,000 ಕುದುರೆ ಸವಾರರು ಅಂತ ಪ್ಲುಟಾರ್ಕ್ ಹೇಳ್ತಾನೆ, ಅದರಲ್ಲಿ ಲೀಜನ್ ಅಲ್ಲದವರೂ ಸೇರಿರ್ತಾರೆ. ನಿಮ್ಮ 98 ಟನ್ ಮೇಲಿನ ಮಿತಿ ಅನ್ನಿ. ಶತಾಧಿಪತಿಗಳ ಹೆಚ್ಚಿನ ಸಂಬಳ, ಹಡಗಿನವರದ್ದು, ಇನಾಮು ಇವನ್ನು ನೀವು ಸೇರಿಸಿಲ್ಲ, ಅದೂ ನಿಜ.

ಬೆಳ್ಳಿಬಟ್ಟಲು
ಅದಕ್ಕೇ ತಾಮ್ರ ಬೆರೆಸಿದ.

ಇತಿಹಾಸ_ಮೇಡಂ
ಇದಕ್ಕೆ ತಕರಾರಿಲ್ಲ.

ಕುಂದಾಪ್ರದ_ಹುಡ್ಗ
ಹಡಗು ಯಾಕೆ ಹಾಕಿದ್ದು? ಸಂಬಳ ಕಾಲಾಳುಗಳಿಗೆ, ಚಿತ್ರ ನೌಕೆಯದ್ದು. ಆಕ್ಟಿಯಮ್‌ನಲ್ಲಿ ಹಡಗಲ್ಲೇ ಸೋತ, ಪಾಪ.

ಟಂಕಸಾಲೆ
ಸೋತದ್ದು ಕ್ರಿ.ಪೂ. 31ರ ಸೆಪ್ಟೆಂಬರ್ 2ಕ್ಕೆ. ನಾಣ್ಯ ಹೊಡೆಯುವಾಗ ಆ ನೌಕಾಪಡೆಯೇ ಅವನ ದೊಡ್ಡ ಬಲ, ಕ್ಲಿಯೋಪಾತ್ರಳ ಹಡಗುಗಳೂ ಸೇರಿ. ಆ ಚಳಿಗಾಲ ಅವನ ಬಿಡಾರ ಗ್ರೀಸಿನ ಪಾತ್ರೈಯಲ್ಲಿ, ಟಂಕಸಾಲೆಯೂ ಸೈನ್ಯದ ಜತೆಗೇ ಅಲ್ಲೇ ಇತ್ತು ಅನ್ನುವುದು ಹೆಚ್ಚಿನವರ ಅಭಿಪ್ರಾಯ.

ಮುಖ ಹಾಕದೆ ಇದ್ದದ್ದು ಅವಸರಕ್ಕೆ ಅಂತ ನನ್ನ ಅನಿಸಿಕೆ. ಮುಖ ಕೊರೆಯಲು ಕೈ ಪಳಗಿದವನೇ ಬೇಕು. ಹಡಗು ಅಂದರೆ ಒಂದು ಬಾಗಿದ ಗೆರೆ, ಸಾಲು ಹುಟ್ಟು, ಮೂತಿ. ಕಲಿಯುವ ಹುಡುಗನೂ ದಿನಕ್ಕೊಂದು ಅಚ್ಚು ಮುಗಿಸುತ್ತಾನೆ.

ಇತಿಹಾಸ_ಮೇಡಂ
ಅರ್ಧ ಒಪ್ತೀನಿ. ಹದ್ದು-ಧ್ವಜದಂಡದ ಮಾದರಿ ಆಂಟನಿಯ ಹೊಸ ಕಲ್ಪನೆ ಏನಲ್ಲ. ಕ್ರಿ.ಪೂ. 82ರಲ್ಲಿ ಗಾಯಸ್ ವಲೇರಿಯಸ್ ಫ್ಲಾಕಸ್ ಮಸ್ಸಾಲಿಯಾದಲ್ಲಿ (ಇಂದಿನ ಫ್ರಾನ್ಸಿನ ಮಾರ್ಸೇ) ಹೊಡೆಸಿದ ಡಿನೇರಿಯಸ್‌ನಲ್ಲೂ ಇದೇ ಚಿತ್ರ. ಅಲ್ಲಿ ಎಡ ದಂಡದ ಮೇಲೆ ಎಚ್, ಬಲ ದಂಡದ ಮೇಲೆ ಪಿ ಅಂತ ಅಕ್ಷರ ಇದೆ: ಹಸ್ತಾತಿ, ಪ್ರಿನ್ಸಿಪೇಸ್ ಅನ್ನುವ ಎರಡು ಸಾಲಿನ ಪಡೆಗಳು. ಕ್ರಿ.ಪೂ. 49ರಲ್ಲಿ ನೇರಿಯಸ್ ಹೊಡೆಸಿದ್ದರಲ್ಲೂ ಅದೇ ಎಚ್, ಪಿ. ಆಂಟನಿ ಆ ಅಕ್ಷರ ತೆಗೆದು ಲೀಜನ್ ಸಂಖ್ಯೆ ಹಾಕಿದ. ಸಿಪಾಯಿ ನಾಣ್ಯ ಕೈಗೆ ತಗೊಂಡರೆ ತನ್ನ ಪಡೆಯ ಹೆಸರೇ ಕಾಣುತ್ತೆ. ಇದು ಅವಸರ ಅಲ್ಲ, ಲೆಕ್ಕಾಚಾರ.

ಹದ್ದು ಲೀಜನ್‌ನ ಏಕೈಕ ಮುಖ್ಯ ಲಾಂಛನ ಆದದ್ದು ಕ್ರಿ.ಪೂ. 104ರಲ್ಲಿ, ಸೇನಾಪತಿ ಮಾರಿಯಸ್ ಕಾಲದಲ್ಲಿ. ಅದಕ್ಕೂ ಮುಂಚೆ ತೋಳ, ಕುದುರೆ, ಕಾಡುಹಂದಿ, ಗೂಳಿತಲೆಯ ಮನುಷ್ಯ ಕೂಡ ಇದ್ದವು.

ರೊಕ್ಕದ_ರಾಚಪ್ಪ
ನಮ್ಮ ಕಡೆ ಇವು ಸಿಕ್ಕಾವೇನ್ರಿ? ಬೆಂಗಳೂರಾಗ ರೋಮನ್ ಬೆಳ್ಳಿ ಸಿಕ್ಕಿತ್ತಂತಲ್ಲ.

ಇತಿಹಾಸ_ಮೇಡಂ
ಬೆಂಗಳೂರಿನಲ್ಲಿ ಎರಡು ನಿಧಿ: ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ನಾಣ್ಯ, ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ 1965ರಲ್ಲಿ 256. ಚಿತ್ರದುರ್ಗದ ಚಂದ್ರವಳ್ಳಿ ಉತ್ಖನನದಲ್ಲೂ ಡಿನೇರಿಯಸ್ ಸಿಕ್ಕಿವೆ. ಆದರೆ ದಕ್ಷಿಣ ಭಾರತದ ಬೆಳ್ಳಿ ನಿಧಿಗಳಲ್ಲಿ ಬಹುಪಾಲು ಎರಡೇ ಮಾದರಿ. ಅಗಸ್ಟಸ್‌ನದು, ಹಿಂಬದಿಯಲ್ಲಿ ಅವನ ಮೊಮ್ಮಕ್ಕಳು ಗಾಯಸ್ ಮತ್ತು ಲೂಸಿಯಸ್ ಗುರಾಣಿ ಹಿಡಿದು ನಿಂತದ್ದು. ಟೈಬೀರಿಯಸ್‌ನದು, ಹಿಂಬದಿಯಲ್ಲಿ ಕೂತ ಹೆಂಗಸು. ಎರಡೂ ಲುಗ್ದುನಮ್ (ಇಂದಿನ ಫ್ರಾನ್ಸಿನ ಲಿಯಾನ್) ಟಂಕಸಾಲೆಯವು, ಒಳ್ಳೇ ಬೆಳ್ಳಿ.

ಟಂಕಸಾಲೆ
ಆಂಟನಿ ನಾಣ್ಯ ಯಾಕೆ ಸವೆಯಿತು ಅಂತ ಮೇಲೆ ಹೇಳಿದ್ದಕ್ಕೆ ಇದು ಇನ್ನೊಂದು ಮುಖ. ಇಲ್ಲಿನ ವರ್ತಕರು ತೂಗಿ, ಪರೀಕ್ಷಿಸಿ, ಬೆಳ್ಳಿಯಾಗಿಯೇ ತೆಗೆದುಕೊಳ್ಳುತ್ತಿದ್ದರು. ಕಡಿಮೆ ಬೆಳ್ಳಿಯ ಆಂಟನಿ ನಾಣ್ಯವನ್ನು ಹಡಗಿಗೆ ತುಂಬಿ ತರುವುದರಲ್ಲಿ ಅರ್ಥವಿಲ್ಲ. ನೀರೋ ಕಡಿತದ ನಂತರದ ಡಿನೇರಿಯಸ್ ಕೂಡ ಇಲ್ಲಿ ಅಪರೂಪ, ಆಮೇಲೆ ಬಂದದ್ದು ಹೆಚ್ಚಾಗಿ ಚಿನ್ನ. ಒಂದೇ ನಾಣ್ಯ ರೋಮ್ ಸಾಮ್ರಾಜ್ಯದೊಳಗೆ ಇನ್ನೂರು ವರ್ಷ ಓಡಿತು, ಅದರ ಹೊರಗೆ ಯಾರಿಗೂ ಬೇಡವಾಯಿತು.

ನಿರ್ವಾಹಕ
ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ನೆಲದಲ್ಲಿ ಸಿಕ್ಕ ನಾಣ್ಯನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು, ದೇಶದಿಂದ ಹೊರಗೆ ಕಳಿಸುವಂತಿಲ್ಲ. ಇಲ್ಲಿ ಕೊಡು-ಕೊಳ್ಳುವ ಪೋಸ್ಟ್ ಹಾಕಬೇಡಿ.

ಕುಂದಾಪ್ರದ_ಹುಡ್ಗ
ಪ್ರಾಣಿ ಚಿತ್ರ ಇರೋ ಲೀಜನ್ ನಾಣ್ಯ ನೋಡಿದ್ದೆ, ಆಡಿನ ತಲೆ ಮೀನಿನ ಬಾಲ. ಅದೂ ಆಂಟನಿಯದ್ದಾ?

ಲೂಪ್_ಹತ್ತು
ಅದು ಚಕ್ರವರ್ತಿ ಗ್ಯಾಲಿಯೆನಸ್‌ನದು, ಕ್ರಿ.ಶ. 260ರ ಸುಮಾರು, ಮಿಲಾನ್ ಟಂಕಸಾಲೆ. ಡಿನೇರಿಯಸ್ ಅಲ್ಲ, ಬೆಳ್ಳಿ ಬಹಳ ಕಡಿಮೆ ಇರುವ ಆಂಟೋನಿನಿಯಾನಸ್ ಎಂಬ ಬೇರೆ ಬಗೆಯ ನಾಣ್ಯ. ಪ್ರತಿ ಲೀಜನ್‌ಗೆ ಅದರದೇ ಪ್ರಾಣಿ ಅಥವಾ ದೇವತೆ: 1ನೇ ಅಡ್ಯೂಟ್ರಿಕ್ಸ್‌ಗೆ ನೀವು ಹೇಳಿದ ಮಕರ, 2ನೇ ಅಡ್ಯೂಟ್ರಿಕ್ಸ್‌ಗೆ ರೆಕ್ಕೆ ಕುದುರೆ, 2ನೇ ಇಟಾಲಿಕಾಗೆ ತೋಳ ಮತ್ತು ಅವಳಿ ಮಕ್ಕಳು, 3ನೇ ಇಟಾಲಿಕಾಗೆ ಕೊಕ್ಕರೆ, 4ನೇ ಫ್ಲಾವಿಯಾಗೆ ಸಿಂಹ.

ನಡುವೆ ಸೆಪ್ಟಿಮಿಯಸ್ ಸೆವೆರಸ್ ಕ್ರಿ.ಶ. 193ರಲ್ಲಿ ತನ್ನನ್ನು ಬೆಂಬಲಿಸಿದ ಲೀಜನ್‌ಗಳಿಗೆ ಆಂಟನಿ ಮಾದರಿಯಲ್ಲೇ ಹದ್ದು, ಎರಡು ದಂಡ ಹಾಕಿಸಿ ಹೊಡೆಸಿದ. ಒಟ್ಟು 15 ಲೀಜನ್. ಹೆಚ್ಚು ಸಿಗೋದು 14ನೇ ಜೆಮಿನಾದ್ದು. ಅವನನ್ನು ಚಕ್ರವರ್ತಿ ಅಂತ ಕೂಗಿದ ಕಾರ್ನುಂಟಮ್‌ನಲ್ಲೇ ಇದ್ದ ಪಡೆ ಅದು. ಪಕ್ಕದ ವಿಂಡೊಬೊನಾದಲ್ಲಿದ್ದ 10ನೇ ಜೆಮಿನಾ ಮಾತ್ರ ಆ ಪಟ್ಟಿಯಲ್ಲಿಲ್ಲ, ಸೆವೆರಸ್‌ನ ‘10ನೇ ಲೀಜನ್’ ಅಂತ ಯಾರಾದ್ರೂ ತೋರಿಸಿದರೆ 14ರ ತಿದ್ದುಪಡಿ ಅಂತಲೇ ಶುರು ಮಾಡಿ.

ಇತಿಹಾಸ_ಮೇಡಂ
ಜೋಡಿ ಚಕ್ರವರ್ತಿಗಳಾದ ಮಾರ್ಕಸ್ ಆರೇಲಿಯಸ್, ಲೂಸಿಯಸ್ ವೆರಸ್ ಇಬ್ಬರೂ ಸೇರಿ ಹೊಡೆಸಿದ್ದನ್ನು ಬಿಟ್ರಿ. ಆಂಟನಿಯ ಹಡಗು, ಹದ್ದು, 6ನೇ ಲೀಜನ್, ಎಲ್ಲ ಹಾಗೇ ಇಟ್ಟು ‘ಪುನಃ ಹೊಡೆಸಿದ್ದು’ ಅಂತ ತಮ್ಮ ಹೆಸರು ಸೇರಿಸಿದ್ದಾರೆ. ಅಲ್ಲಿ ‘ಆಗರ್’ ಅಂತ ಪೂರ್ತಿ ಅಕ್ಷರದಲ್ಲಿ ಬರೆದಿದೆ, ಎರಡನೇ ಪ್ರಶ್ನೆಗೆ ರೋಮನ್ನರದ್ದೇ ಉತ್ತರ.

ಮಲ್ನಾಡ್_ಕಲೆಕ್ಟರ್
ಕೊನೇದು. ನಾಣ್ಯ ಇದ್ದ ಪ್ಲಾಸ್ಟಿಕ್ ಚೀಲದಿಂದ ಹಸಿರು ಜಿಗುಟು ಅಂಟಿದೆ. ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಿದರೆ ಹೋಗುತ್ತಾ?

ಲೂಪ್_ಹತ್ತು
ದಯವಿಟ್ಟು ಬೇಡ! ಹುಣಸೆ ಹುಳಿ ತಾಮ್ರವನ್ನು ಎಳೆದು ಮೇಲ್ಮೈ ತೂತು ತೂತು ಮಾಡುತ್ತೆ, ವಿಭೂತಿ ಅಕ್ಷರ ಸವೆಸುತ್ತೆ. ಟೂತ್‌ಪೇಸ್ಟೂ ಬೇಡ, ಅಲ್ಯೂಮಿನಿಯಂ ಹಾಳೆ-ಅಡುಗೆ ಸೋಡಾವೂ ಬೇಡ. ಹಳೇ ಬೆಳ್ಳಿ ಒಳಗೊಳಗೇ ಪೆಡಸಾಗಿರುತ್ತೆ, ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿದರೆ ಅಂಚು ಮುರಿದು ಬರಬಹುದು.

ಆ ಹಸಿರು ಪಿವಿಸಿ ಚೀಲದ್ದು. ಶುದ್ಧ ಅಸಿಟೋನ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ಉಜ್ಜದೆ ಒಣಗಲು ಬಿಡಿ. ಅಸಿಟೋನ್ ಲೋಹವನ್ನು ಮುಟ್ಟಲ್ಲ, ಮೇಲಿನ ಕಪ್ಪೂ ಹಾಗೇ ಉಳಿಯುತ್ತೆ. ಆಮೇಲೆ ಮೈಲಾರ್ (ಪಿವಿಸಿ ಇಲ್ಲದ ಪ್ಲಾಸ್ಟಿಕ್) ಲಕೋಟೆಗೆ ಹಾಕಿ.

ಕುಂದಾಪ್ರದ_ಹುಡ್ಗ
ನೇಲ್ ಪಾಲಿಶ್ ರಿಮೂವರ್ ಆಗ್ತದಾ? ಅದ್ರಲ್ಲೂ ಅಸಿಟೋನ್ ಇರ್ತದೆ.

ಗಡಿಯಾರದ_ಅಂಗಡಿ
ಆಗಲ್ಲ. ಅದರಲ್ಲಿ ಬಣ್ಣ, ಪರಿಮಳ, ಎಣ್ಣೆ ಸೇರಿಸಿರ್ತಾರೆ, ನಾಣ್ಯದ ಮೇಲೆ ಹೊಸದೊಂದು ಪದರ ಕೂರುತ್ತೆ. ಲ್ಯಾಬ್ ಸಾಮಾನು ಮಾರುವ ಕಡೆ ಶುದ್ಧ ಅಸಿಟೋನ್ ತಗೊಳ್ಳಿ. ಗಾಜಿನ ಬಟ್ಟಲು, ಪ್ಲಾಸ್ಟಿಕ್ ಬೇಡ, ಕೆಲವು ಕರಗಿ ಹೋಗುತ್ತವೆ. ಕಿಟಕಿ ತೆಗೆದಿಡಿ, ದೇವರ ದೀಪ ಉರಿಯೋ ಕೋಣೆಯಲ್ಲಂತೂ ಮಾಡಬೇಡಿ.